ಮಾನವ ವಿಕಾಸದ ಪಾಠದಲ್ಲಿ ನರವೈವಿಧ್ಯ

ಸ್ನಾತಕೋತ್ತರ ತರಗತಿಯಲ್ಲಿ ಮಾನವ ವಿಕಾಸವನ್ನು ಓದುವವರಿಗೆ ಮಕ್ಕಳನ್ನು ಗಮನಿಸಿ ಬರೆಯುವ ಕೆಲಸವೊಂದಿರುತ್ತದೆ. ಅಂಗನವಾಡಿಯಲ್ಲೋ ಶಿಶುವಿಹಾರದಲ್ಲೋ ಒಂದು ಮೂಲೆಯಲ್ಲಿ ಕುಳಿತು, ಒಂದೇ ಮಗುವನ್ನು ಅರ್ಧ ಗಂಟೆ ನೋಡಿ, ಕಂಡದ್ದನ್ನು ಕಂಡ ಹಾಗೆ ದಾಖಲಿಸಬೇಕು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ತಂದ ದಾಖಲೆ ಪುಸ್ತಕದಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ಹೀಗಿತ್ತು: ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಬೇರೆ ಮಕ್ಕಳ ಜೊತೆ ಆಡುವುದಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಎರಡು ಪುಟಗಳಲ್ಲಿ ಹದಿನೇಳು ‘ಇಲ್ಲ’ಗಳು! ‘ಹಾಗಾದರೆ ಆ ಅರ್ಧ ಗಂಟೆ ಅವನು ಮಾಡಿದ್ದೇನು?’ ಎಂದು ಕೇಳಿದೆ. ಅವಳ ಬಳಿ ಉತ್ತರವಿರಲಿಲ್ಲ. ಅವಳೇನೂ ಅಸಡ್ಡೆಯಿಂದ ಬರೆದವಳಲ್ಲ. ಪಠ್ಯಪುಸ್ತಕದ ಲಕ್ಷಣಗಳ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದಳು, ಪಟ್ಟಿಯಲ್ಲಿದ್ದದ್ದನ್ನೇ ಹುಡುಕಿದ್ದಳು.

ಮತ್ತೊಮ್ಮೆ ಹೋಗಿ, ಈ ಸಲ ‘ಇಲ್ಲ’ ಎಂಬ ಪದವನ್ನೇ ಬಳಸದೆ ಬರೆದು ತಾ ಎಂದು ಕಳುಹಿಸಿದೆ. ಎರಡನೆಯ ದಾಖಲೆಯಲ್ಲಿ ಬೇರೆಯೇ ಹುಡುಗನೊಬ್ಬ ಕಂಡ. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರಗಿರನೆ ತಿರುಗಿಸುತ್ತಾನೆ. ವೇಗ ಕಡಿಮೆಯಾದೊಡನೆ ನೆಲಕ್ಕೆ ಕಿವಿಯಿಡುತ್ತಾನೆ. ಮುಚ್ಚಳದ ಸದ್ದು ಏರಿದಂತೆ ತಾನೂ ಸ್ವರ ಏರಿಸುತ್ತಾನೆ. ಹುಡುಗಿಯೊಬ್ಬಳು ಪಕ್ಕದಲ್ಲಿ ಬಂದು ಕುಳಿತಾಗ ಸ್ವಲ್ಪ ಸರಿದು ಜಾಗ ಬಿಟ್ಟ. ಮುಚ್ಚಳ ಉರುಳಿ ಅವಳ ಕಾಲ ಬಳಿ ಬಿದ್ದಾಗ ಅವಳು ಅದನ್ನು ತಳ್ಳುವವರೆಗೂ ಕಾದ. ಹೀಗೆ ಮೂರು ಸಲ ಆಯಿತು.

ಎರಡೂ ದಾಖಲೆಗಳು ನಿಜ. ಎರಡೂ ಒಂದೇ ಮಗುವಿನವು. ಮೊದಲನೆಯದು ಬೇಡವೆಂದು ಯಾರೂ ಹೇಳಲಾರರು. ಮಗುವನ್ನು ತಜ್ಞರ ಬಳಿ ಬೇಗ ಕಳುಹಿಸಬೇಕಾದರೆ ಅಂಥ ಪಟ್ಟಿಯೇ ಬೇಕು. ಆದರೆ ಮಾನವ ವಿಕಾಸ ಎಂಬ ಶಾಸ್ತ್ರ ಬಹುಕಾಲ ಮೊದಲನೆಯ ಬಗೆಯ ದಾಖಲೆಯನ್ನು ಮಾತ್ರ ವಿಜ್ಞಾನವೆಂದು ಎಣಿಸಿತು. ಈಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯಗಳ ಪಠ್ಯಗಳನ್ನು ಪ್ರವೇಶಿಸುತ್ತಿರುವ ‘ನರವೈವಿಧ್ಯ’ ಎಂಬ ಪರಿಕಲ್ಪನೆ ಈ ಅಭ್ಯಾಸವನ್ನು ಪ್ರಶ್ನಿಸುತ್ತದೆ. ಅದು ಏನು, ಅದಕ್ಕೆ ಯಾವ ಆಧಾರವಿದೆ, ಎಲ್ಲಿ ಅದರ ಮಿತಿಯಿದೆ ಎಂಬುದನ್ನು ನೋಡೋಣ.

ಸರಾಸರಿ ಎಂಬ ಅಳತೆಗೋಲು

ಮಗು ಎಷ್ಟು ತಿಂಗಳಿಗೆ ನಡೆಯಬೇಕು? ಅಜ್ಜಿಯನ್ನು ಕೇಳಿದರೆ ‘ವರ್ಷ ತುಂಬುವ ಹೊತ್ತಿಗೆ’ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಲೆಕ್ಕ ಹಾಕಿ ನೋಡಿದೆ. ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕಗಳ 816 ಆರೋಗ್ಯವಂತ ಶಿಶುಗಳನ್ನು ಗಮನಿಸಿದಾಗ, ಆಸರೆಯಿಲ್ಲದೆ ನಡೆಯುವ ವಯಸ್ಸು ಸುಮಾರು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿಕೊಂಡಿರುವುದು ಕಂಡುಬಂತು. ಅಂದರೆ ಒಂಬತ್ತು ತಿಂಗಳಿಗೂ ಮೀರಿದ ಅಂತರ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಶೇಕಡಾ 4.3ರಷ್ಟು ಮಕ್ಕಳು ಅಂಬೆಗಾಲಿಡಲೇ ಇಲ್ಲ. ಆ ಮೆಟ್ಟಿಲನ್ನು ಬಿಟ್ಟು ನೇರವಾಗಿ ಮುಂದಿನದಕ್ಕೆ ಹೋದರು. ಅವರೂ ಚೆನ್ನಾಗಿಯೇ ನಡೆದರು.

ಬೆಳವಣಿಗೆಯ ‘ಮೈಲಿಗಲ್ಲು’ಗಳೆಂದು ನಾವು ಕಲಿಸುವ ಪಟ್ಟಿಯ ಹಿಂದೆ ಇಷ್ಟು ದೊಡ್ಡ ಹರವು ಅಡಗಿದೆ. ಸರಾಸರಿಯಿಂದ ಉಪಯೋಗವಿದೆ. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ತೊಂದರೆ ಬರುವುದು ಸರಾಸರಿಯನ್ನು ಗುರಿಯೆಂದು ಭಾವಿಸಿದಾಗ, ಅದರಿಂದ ದೂರವಿದ್ದುದೆಲ್ಲ ಕೊರತೆ ಎನಿಸಿದಾಗ. ನಡಿಗೆಯ ವಿಷಯದಲ್ಲಿ ಇದು ಸುಲಭವಾಗಿ ಅರ್ಥವಾಗುತ್ತದೆ. ಮಾತು, ಗಮನ, ಓದು, ಒಡನಾಟ ಇವುಗಳ ವಿಷಯಕ್ಕೆ ಬಂದೊಡನೆ ನಾವು ಅಷ್ಟು ಉದಾರಿಗಳಾಗಿ ಉಳಿಯುವುದಿಲ್ಲ.

ಪದ ಬಂದ ಬಗೆ

ಜೀವವೈವಿಧ್ಯ ಎಂಬ ಪದ ನಮಗೆಲ್ಲ ಪರಿಚಿತ. ಕಾಡಿನಲ್ಲಿ ಒಂದೇ ಜಾತಿಯ ಮರವಿದ್ದರೆ ಕಾಡು ಬಡವಾಗುತ್ತದೆ. ಅದೇ ಮಾದರಿಯಲ್ಲಿ, ಮನುಷ್ಯರ ಮಿದುಳು ಮತ್ತು ನರಮಂಡಲ ಕೆಲಸ ಮಾಡುವ ಬಗೆಗಳೂ ಹಲವು ಎಂಬುದನ್ನು ಸೂಚಿಸಲು ‘ನರವೈವಿಧ್ಯ’ ಎಂಬ ಪದ ಹುಟ್ಟಿತು. ಆಸ್ಟ್ರೇಲಿಯದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ ಇದನ್ನು ಬಳಸಿದರು; ಅದೇ ವರ್ಷ ಅಮೆರಿಕದ ಪತ್ರಕರ್ತ ಹಾರ್ವೆ ಬ್ಲೂಮ್ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದರು. ಸಿಂಗರ್ ಒಬ್ಬರೇ ಇದರ ಜನಕರೆಂದು ಬಹಳ ಪುಸ್ತಕಗಳು ಹೇಳುತ್ತವೆ. ಆದರೆ ಈ ವಿಚಾರ 1990ರ ದಶಕದ ನಡುವಿನಲ್ಲೇ ಆಟಿಸಂ ಇರುವ ವ್ಯಕ್ತಿಗಳ ಪರಸ್ಪರ ಚರ್ಚೆಯಲ್ಲಿ ರೂಪುಗೊಂಡಿತ್ತೆಂದು 2024ರಲ್ಲಿ ಸಂಶೋಧಕರ ಗುಂಪೊಂದು ಹಳೆಯ ಪತ್ರವ್ಯವಹಾರವನ್ನು ಮುಂದಿಟ್ಟು ತೋರಿಸಿತು. ತಮ್ಮ ಬಗ್ಗೆ ಇತರರು ಬರೆದದ್ದನ್ನೇ ಓದಿ ಬೆಳೆದವರು ತಮಗೆ ತಾವೇ ಕೊಟ್ಟುಕೊಂಡ ಪದ ಅದು ಎಂಬುದು ಇಲ್ಲಿ ಮುಖ್ಯ.

ಒಂದು ಸೂಕ್ಷ್ಮವನ್ನು ಗಮನಿಸಬೇಕು. ನರವೈವಿಧ್ಯ ಒಬ್ಬ ವ್ಯಕ್ತಿಯ ಗುಣವಲ್ಲ, ಒಂದು ಸಮುದಾಯದ ಗುಣ. ನಿಮ್ಮನ್ನೂ ನನ್ನನ್ನೂ ಸೇರಿಸಿದರೆ ಉಂಟಾಗುವುದು ವೈವಿಧ್ಯ. ಬಹುಮತದ ಮಾದರಿಗಿಂತ ಬೇರೆಯಾಗಿ ಬೆಳೆಯುವವರನ್ನು ‘ನರಭಿನ್ನ’ರು ಎನ್ನಬಹುದು. ಆಟಿಸಂ, ಓದಿನ ತೊಡಕಾದ ಡಿಸ್ಲೆಕ್ಸಿಯ, ಗಮನ ಮತ್ತು ಚಟುವಟಿಕೆಗೆ ಸಂಬಂಧಿಸಿದ ಎ.ಡಿ.ಎಚ್.ಡಿ. ಮುಂತಾದವು ಈ ಗುಂಪಿಗೆ ಸೇರುತ್ತವೆ. ಇಲ್ಲಿ ಮುಖ್ಯವಾಗಿ ಆಟಿಸಂನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಸಂಶೋಧಕರು ಕೇಳಿದ ಪ್ರಶ್ನೆ ಬದಲಾದಂತೆ ಉತ್ತರವೂ ಹೇಗೆ ಬದಲಾಯಿತು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ತಾಯಂದಿರು ಹೊತ್ತ ಅಪವಾದ

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಎಂಟು ಹುಡುಗರು, ಮೂವರು ಹುಡುಗಿಯರು. (ರಷ್ಯದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ 1920ರ ದಶಕದಲ್ಲೇ ಇಂಥ ಆರು ಹುಡುಗರನ್ನು ವರ್ಣಿಸಿದ್ದರು. ಅವರ ಹೆಸರು ಪಠ್ಯಪುಸ್ತಕಗಳಿಗೆ ಬರಲು ಬಹಳ ಕಾಲ ಬೇಕಾಯಿತು.) ಮಕ್ಕಳ ಈ ಸ್ವಭಾವ ಹುಟ್ಟಿನಿಂದಲೇ ಬಂದದ್ದು ಎಂದು ಕ್ಯಾನರ್ ಹೇಳಿದರು. ಅದೇ ಪ್ರಬಂಧದ ಕೊನೆಯಲ್ಲಿ, ಈ ಮಕ್ಕಳ ತಂದೆತಾಯಿಗಳಲ್ಲಿ ನಿಜವಾಗಿ ಅಕ್ಕರೆಯುಳ್ಳವರು ಕಡಿಮೆ ಎಂದೂ ಸೇರಿಸಿದರು. ಈ ಎರಡನೆಯ ಮಾತು ಬೆಳೆಯಿತು. ತಾಯಿಯ ತಣ್ಣಗಿನ ವರ್ತನೆಯೇ ಮಗುವನ್ನು ತನ್ನೊಳಗೆ ಮುದುಡಿಕೊಳ್ಳುವಂತೆ ಮಾಡುತ್ತದೆ ಎಂಬ ಸಿದ್ಧಾಂತ ಬಂತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಿಂದ ಅದಕ್ಕೆ ಇನ್ನಷ್ಟು ಪ್ರಚಾರ ಕೊಟ್ಟರು. ಸುಮಾರು ಎರಡು ದಶಕಗಳ ಕಾಲ ಎಷ್ಟೋ ತಾಯಂದಿರು ತಮ್ಮ ಮಗುವಿನ ಸ್ಥಿತಿಗೆ ತಾವೇ ಕಾರಣವೆಂದು ನಂಬಿ ಬದುಕಿದರು.

ಇದನ್ನು ಅಲುಗಾಡಿಸಿದವರಲ್ಲಿ ಮೊದಲಿಗರು ಬರ್ನಾರ್ಡ್ ರಿಮ್‌ಲ್ಯಾಂಡ್. ಅವರು ಮನೋವಿಜ್ಞಾನಿ, ಜೊತೆಗೆ ಆಟಿಸಂ ಇದ್ದ ಮಗನ ತಂದೆ. ಅವರ ಪುಸ್ತಕ 1964ರಲ್ಲಿ ಬಂತು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಅವಳಿ ಮಕ್ಕಳ ಅಧ್ಯಯನ ಪ್ರಕಟಿಸಿದರು. ಒಟ್ಟು 21 ಜೋಡಿ. ಒಂದೇ ಅಂಡದಿಂದ ಬಂದ ಏಕರೂಪಿ ಅವಳಿಗಳ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಬಂದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಇಬ್ಬರನ್ನೂ ಸಾಕಿದ ತಾಯಿ ಒಬ್ಬಳೇ ತಾನೆ? ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಸಂಖ್ಯೆ ಚಿಕ್ಕದಾದರೂ ಈ ಅಧ್ಯಯನ ಆನುವಂಶಿಕತೆಯ ಕಡೆಗೆ ಬೆರಳು ತೋರಿಸಿತು. ನಂತರದ ದೊಡ್ಡ ಅಧ್ಯಯನಗಳು ಅದನ್ನು ಗಟ್ಟಿಗೊಳಿಸಿದವು.

ಹಾಗೆಂದು ಪರಿಸರಕ್ಕೆ ಬೆಲೆಯಿಲ್ಲವೆ? ಕ್ಯಾನರ್ ಅವರ ಹನ್ನೊಂದು ಮಕ್ಕಳ ಮುಂದಿನ ಕಥೆಯೇ ಉತ್ತರ ಹೇಳುತ್ತದೆ. ಮೊದಲನೆಯ ಮಗು ಡೊನಾಲ್ಡ್ ಟ್ರಿಪ್ಲೆಟ್. ಅವನ ತಂದೆ ಮಗನ ಬಗ್ಗೆ ಕ್ಯಾನರ್‌ಗೆ 33 ಪುಟಗಳ ಟೈಪು ಮಾಡಿದ ಪತ್ರ ಬರೆದಿದ್ದರು. ಡೊನಾಲ್ಡ್ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬೆಳೆದ. ಎಲ್ಲರಿಗೂ ಅವನ ಪರಿಚಯವಿತ್ತು. ಅವನ ರೀತಿಗೆ ಊರೇ ಹೊಂದಿಕೊಂಡಿತ್ತು. ಕಾಲೇಜಿಗೆ ಹೋಗಿ 1958ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪದವಿ ಪಡೆದ. ಮನೆತನದ ಬ್ಯಾಂಕಿನಲ್ಲಿ ದುಡಿದ, ಗಾಲ್ಫ್ ಆಡಿದ, ದೇಶವಿದೇಶ ಸುತ್ತಿದ. 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. 1971ರಲ್ಲಿ ಕ್ಯಾನರ್ ಆ ಮಕ್ಕಳು ಏನಾದರೆಂದು ಹುಡುಕಿ ನೋಡಿದಾಗ, ಸರ್ಕಾರಿ ಮಾನಸಿಕ ಸಂಸ್ಥೆಗಳಲ್ಲಿ ಸೇರಿಸಲ್ಪಟ್ಟವರು ಬಾಲ್ಯದಲ್ಲಿದ್ದ ಕೌಶಲಗಳನ್ನೂ ಕಳೆದುಕೊಂಡಿದ್ದುದು ಕಂಡಿತು. ಡೊನಾಲ್ಡನ ಮನೆ ಸಿರಿವಂತರದ್ದು ಎಂಬುದನ್ನು ಮರೆಯಬಾರದು. ಆದರೂ ‘ವಿಕಾಸ’ ಎಂದರೆ ಏನು ಎಂಬುದನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಹುಟ್ಟುಗುಣ ಅದೇ ಇರಬಹುದು. ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದು ಸುತ್ತಲಿನವರನ್ನೂ ಅವಲಂಬಿಸಿದೆ.

ಗೋಲಿ ಎಲ್ಲಿದೆ?

ಈಗ ಒಂದು ಪ್ರಸಿದ್ಧ ಪ್ರಯೋಗಕ್ಕೆ ಬರೋಣ. ಮನೋವಿಜ್ಞಾನದ ಎಲ್ಲ ಪಠ್ಯಗಳಲ್ಲೂ ಇದಕ್ಕೆ ಜಾಗವಿದೆ. ಸ್ಯಾಲಿ ಮತ್ತು ಆನ್ ಎಂಬ ಎರಡು ಬೊಂಬೆಗಳು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳಿಲ್ಲದಾಗ ಆನ್ ಗೋಲಿಯನ್ನು ತೆಗೆದು ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ಸ್ಯಾಲಿ ವಾಪಸು ಬರುತ್ತಾಳೆ. ಅವಳು ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ‘ಬುಟ್ಟಿಯಲ್ಲಿ’ ಎಂದ ಮಗುವಿಗೆ, ತನಗೆ ಗೊತ್ತಿರುವುದು ಸ್ಯಾಲಿಗೆ ಗೊತ್ತಿಲ್ಲ ಎಂಬ ಅರಿವಿದೆ. ‘ಪೆಟ್ಟಿಗೆಯಲ್ಲಿ’ ಎಂದ ಮಗುವಿಗೆ ಆ ಅರಿವು ಇನ್ನೂ ಬಂದಿಲ್ಲ ಎಂದು ತೀರ್ಮಾನ.

1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ ಮತ್ತು ಊಟಾ ಫ್ರಿತ್ ಲಂಡನ್ನಿನಲ್ಲಿ ಈ ಪ್ರಯೋಗ ನಡೆಸಿದರು. ಸಾಮಾನ್ಯವಾಗಿ ಬೆಳೆಯುತ್ತಿದ್ದ 27 ಮಕ್ಕಳಲ್ಲಿ 23 ಮಂದಿ ಸರಿಯುತ್ತರ ಕೊಟ್ಟರು. ಡೌನ್ ಸಿಂಡ್ರೋಮ್ ಇದ್ದ 14ರಲ್ಲಿ 12 ಮಂದಿ ಸರಿಯುತ್ತರ ಕೊಟ್ಟರು. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳೇ ಉತ್ತರಿಸಿದ ಮೇಲೆ ಇದು ಒಟ್ಟಾರೆ ಬುದ್ಧಿಮಟ್ಟದ ವಿಷಯವಲ್ಲ ಎಂಬ ವಾದ ಸಹಜವಾಗಿಯೇ ಬಂತು. ಆಟಿಸಂ ಇರುವವರಿಗೆ ಇತರರ ಮನಸ್ಸನ್ನು ಅರಿಯುವ ಶಕ್ತಿಯೇ ಇಲ್ಲ ಎಂಬ ಮಾತು ಪ್ರಬಂಧಗಳಿಂದ ಪಠ್ಯಕ್ಕೆ, ಪಠ್ಯದಿಂದ ಪತ್ರಿಕೆಗಳಿಗೆ ಹರಡಿತು. ಆ ನಾಲ್ವರು ಸರಿಯುತ್ತರ ಕೊಟ್ಟಿದ್ದರು ಎಂಬುದು ದಾರಿಯಲ್ಲೆಲ್ಲೋ ಕಳೆದುಹೋಯಿತು!

ಹತ್ತು ವರ್ಷಗಳ ನಂತರ, 1995ರಲ್ಲಿ, ಆಸ್ಟ್ರೇಲಿಯದ ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೆಲ್ ಸೀಗಲ್ ಇದೇ ಬಗೆಯ ಪರೀಕ್ಷೆಯನ್ನು ಕಿವುಡ ಮಕ್ಕಳಿಗೆ ಕೊಟ್ಟರು. ಕಿವಿ ಕೇಳುವ ತಂದೆತಾಯಿಗಳಿಗೆ ಹುಟ್ಟಿ, ತಡವಾಗಿ ಸಂಜ್ಞಾಭಾಷೆ ಕಲಿತ ಮಕ್ಕಳಲ್ಲಿ ಬಹುಪಾಲು ತಪ್ಪುತ್ತರ ಕೊಟ್ಟರು. ಮನೆಯಲ್ಲಿ ಹುಟ್ಟಿನಿಂದಲೇ ಸಂಜ್ಞಾಭಾಷೆಯಿದ್ದ ಕಿವುಡ ಮಕ್ಕಳು ಇತರ ಮಕ್ಕಳಂತೆಯೇ ಉತ್ತರಿಸುತ್ತಾರೆಂದು ನಂತರದ ಅಧ್ಯಯನಗಳಲ್ಲಿ ಕಂಡುಬಂತು. ಕಿವುಡುತನ ಇಬ್ಬರಿಗೂ ಒಂದೇ. ಬೇರೆಯಾಗಿದ್ದದ್ದು ಮಾತುಕತೆ. ‘ಅವಳಿಗೆ ಗೊತ್ತಿಲ್ಲ ಪಾಪ’, ‘ಅವನು ಹಾಗೆ ಅಂದುಕೊಂಡ’ ಎಂಬಂಥ ಮಾತುಗಳನ್ನು ದಿನವೂ ಕಾಣದ, ಕೇಳದ ಮಗು ಇತರರ ಮನಸ್ಸಿನ ಬಗ್ಗೆ ಕಲಿಯುವುದಾದರೂ ಹೇಗೆ? ಪರೀಕ್ಷೆಯಲ್ಲಿ ತಪ್ಪುವುದಕ್ಕೆ ಮಿದುಳಿನಲ್ಲಿ ಏನೋ ಇಲ್ಲವೆಂಬ ಕಾರಣ ಒಂದೇ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಇನ್ನೊಂದು ತಿರುವು 2012ರಲ್ಲಿ ಬಂತು. ತಾವೇ ಆಟಿಸ್ಟಿಕ್ ಆಗಿರುವ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಸರಳವಾದ ಒಂದು ಪ್ರಶ್ನೆ ಎತ್ತಿದರು. ಆಟಿಸಂ ಇರುವವರಿಗೆ ಇತರರು ಅರ್ಥವಾಗುವುದಿಲ್ಲ, ಸರಿ. ಇತರರಿಗೆ ಅವರು ಅರ್ಥವಾಗುತ್ತಾರೆಯೆ? ಅರ್ಥವಾಗದಿರುವುದು ಎರಡೂ ಕಡೆಗೆ ಇದ್ದರೆ ಅದನ್ನು ಒಬ್ಬರ ಕೊರತೆ ಎಂದು ಬರೆಯುವುದು ಹೇಗೆ? ಇದನ್ನು ಅವರು ಇಮ್ಮುಖ ಅನುಭೂತಿಯ ಸಮಸ್ಯೆ ಎಂಬ ಅರ್ಥ ಬರುವ ಹೆಸರಿನಿಂದ ಕರೆದರು.

ನಮ್ಮಲ್ಲೇ ಇದಕ್ಕೊಂದು ಹೋಲಿಕೆಯಿದೆ. ಮೈಸೂರಿನವರೊಬ್ಬರು ಧಾರವಾಡದಲ್ಲಿ ಅಡಿಗೆ ಮಾಡಿ ಬಡಿಸಿ ‘ಹೇಗಿದೆ?’ ಎನ್ನುತ್ತಾರೆ. ಉಂಡವರು ‘ಅಡ್ಡಿಯಿಲ್ಲ’ ಎನ್ನುತ್ತಾರೆ. ಹೇಳಿದವರ ಲೆಕ್ಕದಲ್ಲಿ ಅದು ಮೆಚ್ಚುಗೆ. ಕೇಳಿದವರಿಗೆ ಮಾತ್ರ, ಹೇಗೋ ತಿಂದೆ ಅಂದ ಹಾಗೆ ಕೇಳಿ ಮುಖ ಸಣ್ಣದಾಗುತ್ತದೆ. ಇಲ್ಲಿ ಕನ್ನಡ ಬಾರದವರು ಯಾರು? ಕಣ್ಣಲ್ಲಿ ಕಣ್ಣಿಡುವ ವಿಷಯವೂ ಅಷ್ಟೆ. ಹಿರಿಯರು ಗದರುವಾಗ ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆ ಎಂದು ನಮ್ಮ ಎಷ್ಟೋ ಮನೆಗಳಲ್ಲಿ ಕಲಿಸುತ್ತಾರೆ.

ಮಿಲ್ಟನ್ ಮಂಡಿಸಿದ್ದು ಒಂದು ವಾದ. ವಾದವನ್ನು ಪರೀಕ್ಷಿಸಬೇಕಲ್ಲ? 2017ರಲ್ಲಿ ನೋವಾ ಸ್ಯಾಸನ್ ಮತ್ತು ಸಂಗಡಿಗರು, ಆಟಿಸಂ ಇರುವವರು ಮತ್ತು ಇಲ್ಲದವರು ಮಾತನಾಡುವ ಕೆಲವೇ ಕ್ಷಣಗಳ ಚಿತ್ರಿಕೆಗಳನ್ನು ಜನರಿಗೆ ತೋರಿಸಿದರು. ಯಾರೆಂದು ತಿಳಿಸದಿದ್ದರೂ ನೋಡುಗರು ಆಟಿಸಂ ಇರುವವರೊಡನೆ ಒಡನಾಡಲು ಹಿಂಜರಿದರು. ಆದರೆ ಅದೇ ಮಾತುಗಳನ್ನು ಬರೆಹದಲ್ಲಿ ಮಾತ್ರ ಕೊಟ್ಟಾಗ ಆ ಹಿಂಜರಿಕೆ ಕಾಣಲಿಲ್ಲ. ಅಂದರೆ ಹೇಳಿದ ವಿಷಯದಲ್ಲಿ ದೋಷವಿರಲಿಲ್ಲ. ಧ್ವನಿ, ಮುಖಭಾವ, ಹಾವಭಾವಗಳನ್ನು ನೋಡಿಯೇ ಜನ ದೂರ ಸರಿದಿದ್ದರು.

2020ರಲ್ಲಿ ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ತಂಡದವರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಮಕ್ಕಳು ಸಾಲಾಗಿ ಕುಳಿತು ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟ ನಿಮಗೆ ಗೊತ್ತಿರಬಹುದು. ಹೆಚ್ಚು ಕಡಿಮೆ ಅದೇ. ಎಂಟೆಂಟು ಜನರ ಒಂಬತ್ತು ಸಾಲುಗಳು. ಮೂರರಲ್ಲಿ ಎಲ್ಲರೂ ಆಟಿಸ್ಟಿಕ್, ಮೂರರಲ್ಲಿ ಯಾರೂ ಅಲ್ಲ, ಮೂರು ಮಿಶ್ರ. ಮೊದಲನೆಯವರಿಗೆ ಒಂದು ಕಥೆ ಹೇಳಿ, ಅದು ಕೊನೆಯವರಿಗೆ ಎಷ್ಟು ಮುಟ್ಟುತ್ತದೆ ಎಂದು ನೋಡಿದರು. ಎಲ್ಲರೂ ಆಟಿಸ್ಟಿಕ್ ಆಗಿದ್ದ ಸಾಲುಗಳು ಇತರರ ಸಾಲುಗಳಷ್ಟೇ ಚೆನ್ನಾಗಿ ಕಥೆಯನ್ನು ದಾಟಿಸಿದವು. ಮಿಶ್ರ ಸಾಲುಗಳಲ್ಲಿ ವಿವರಗಳು ಹೆಚ್ಚು ಸೋರಿಹೋದವು. ಮಿಲ್ಟನ್ ಹೇಳಿದ್ದಕ್ಕೆ ಇದು ಸರಿಯಾಗಿ ಹೊಂದಿಕೊಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಸೊಗಸಾಗಿರುತ್ತಿತ್ತು. ಆದರೆ 72 ಜನರ ಪ್ರಯೋಗ ಚಿಕ್ಕದು. ಅದೇ ಸಂಶೋಧಕರು ಮುನ್ನೂರಕ್ಕೂ ಹೆಚ್ಚು ಜನರೊಡನೆ ಪ್ರಯೋಗವನ್ನು ಮತ್ತೆ ನಡೆಸಿ 2025ರಲ್ಲಿ ಪ್ರಕಟಿಸಿದರು. ಈ ಸಲ ಮಿಶ್ರ ಸಾಲುಗಳು ಹಿಂದೆ ಬೀಳಲಿಲ್ಲ. ಮೂರೂ ಬಗೆಯ ಸಾಲುಗಳು ಹೆಚ್ಚು ಕಡಿಮೆ ಒಂದೇ ಸಮ. ಆಟಿಸಂ ಇರುವವರು ಮಾಹಿತಿ ದಾಟಿಸಲಾರರು ಎಂಬ ಹಳೆಯ ನಂಬಿಕೆಗೆ ಇದರಲ್ಲೂ ಆಧಾರ ಸಿಗಲಿಲ್ಲ. ಆದರೆ ಮಿಶ್ರ ಗುಂಪಿನಲ್ಲಿ ಸೋರಿಕೆ ಹೆಚ್ಚು ಎಂಬ ಹೊಸ ನಿರೀಕ್ಷೆಯೂ ನಿಲ್ಲಲಿಲ್ಲ. ತಮ್ಮದೇ ಹಿಂದಿನ ಫಲಿತಾಂಶವನ್ನು ಮರುಪರೀಕ್ಷೆಗೆ ಒಡ್ಡಿ, ಬಂದದ್ದನ್ನು ಬಂದ ಹಾಗೆ ಹೇಳಿದ್ದು ಅವರ ದೊಡ್ಡತನ. ತರಗತಿಯಲ್ಲಿ ನಾನು ಎರಡೂ ಪ್ರಬಂಧಗಳನ್ನು ಒಟ್ಟಿಗೇ ಓದಿಸುತ್ತೇನೆ. 2020ರದ್ದನ್ನು ಮಾತ್ರ ಓದಿ ಬಂದ ವಿದ್ಯಾರ್ಥಿಗಳು ಎರಡನೆಯದನ್ನು ಕಂಡು ಸ್ವಲ್ಪ ಬೇಸರ ಪಟ್ಟುಕೊಳ್ಳುವುದೂ ಉಂಟು. ಒಂದು ನಂಬಿಕೆಯ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸುವುದಾದರೆ ವಿಶ್ವವಿದ್ಯಾಲಯ ಏಕೆ ಬೇಕು?

ಕನ್ನಡದಲ್ಲಿ ಓದುವ ಮಿದುಳು

ಡಿಸ್ಲೆಕ್ಸಿಯ ಕೂಡ ಇಂಥದ್ದೇ ಪಾಠವನ್ನು ಬೇರೆ ದಾರಿಯಿಂದ ಕಲಿಸುತ್ತದೆ. 2001ರಲ್ಲಿ ಎರಾಲ್ಡೊ ಪೌಲೇಸು ಮತ್ತು ಸಂಗಡಿಗರು ಇಟಲಿ, ಫ್ರಾನ್ಸ್ ಮತ್ತು ಇಂಗ್ಲೆಂಡಿನ ಡಿಸ್ಲೆಕ್ಸಿಯ ಇರುವ ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಹೋಲಿಸಿದರು. ಓದುವಾಗ ಮೂರೂ ಗುಂಪುಗಳ ಮಿದುಳಿನ ಎಡಭಾಗದ ಒಂದೇ ಪ್ರದೇಶದಲ್ಲಿ ಚಟುವಟಿಕೆ ಕಡಿಮೆಯಿತ್ತು. ಆದರೆ ಇಟಲಿಯವರು ಓದಿನಲ್ಲಿ ಉಳಿದವರಿಗಿಂತ ಮುಂದಿದ್ದರು. ಇಟಾಲಿಯನ್‌ನಲ್ಲಿ ಬರೆದಂತೆಯೇ ಉಚ್ಚಾರ. ಇಂಗ್ಲಿಷಿನ ಕಾಗುಣಿತದ ಪಾಡು ನಿಮಗೆ ಗೊತ್ತೇ ಇದೆ. ಮಿದುಳಿನ ಭಿನ್ನತೆ ಒಂದೇ ಆದರೂ ಅದು ಎಷ್ಟು ತೊಡಕಾಗುತ್ತದೆ ಎಂಬುದನ್ನು ಲಿಪಿಯೂ ನಿರ್ಧರಿಸುತ್ತದೆ.

ಹಾಗಾದರೆ ಕನ್ನಡ? ನಮ್ಮದೂ ಬರೆದಂತೆ ಓದುವ ಲಿಪಿ. ಇಟಾಲಿಯನ್ ಹಾಗೆಯೇ ಸುಲಭವಾಗಿರಬೇಕು ಎನಿಸುತ್ತದೆ. ಆದರೆ ಇಂಗ್ಲಿಷಿನ ಮಗು 26 ಅಕ್ಷರ ಕಲಿತರೆ ಸಾಕು. ಕನ್ನಡದ ಮಗು 34 ವ್ಯಂಜನಗಳ ಕಾಗುಣಿತವನ್ನೆಲ್ಲ ಕಲಿಯುವ ಹೊತ್ತಿಗೆ ರೂಪಗಳ ಸಂಖ್ಯೆ ನಾನೂರನ್ನು ದಾಟಿರುತ್ತದೆ. ಒತ್ತಕ್ಷರಗಳು ಇನ್ನೂ ಬೇರೆ. ‘ಲಕ್ಷ್ಮಿ’ ಎಂಬ ಪದದ ಎರಡನೆಯ ಅಕ್ಷರವನ್ನು ನಿಧಾನವಾಗಿ ನೋಡಿ. ಕೆಳಗೆ ಎರಡು ಒತ್ತುಗಳು, ಮೇಲೆ ಗುಡಿಸು. ಬಾಯಿ ಉಚ್ಚರಿಸುವ ಕ್ರಮಕ್ಕೂ ಕಣ್ಣು ಕಾಣುವ ಕ್ರಮಕ್ಕೂ ತಾಳೆಯಿಲ್ಲ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯಲ್ಲೂ ಮುಂದುವರಿದಿರುತ್ತದೆ. ಪದವನ್ನು ಬಿಡಿ ಬಿಡಿ ಧ್ವನಿಗಳಾಗಿ ಒಡೆಯುವ ಅರಿವು ನಿಧಾನವಾಗಿ ಬರುತ್ತದೆ. ಇಂಗ್ಲಿಷಿನ ಮಕ್ಕಳಿಗೆ ಸಿದ್ಧಪಡಿಸಿದ ಕಾಲಪಟ್ಟಿಯನ್ನು ಹಿಡಿದು ನೋಡಿದರೆ ಎಲ್ಲ ಕನ್ನಡ ಮಕ್ಕಳೂ ಹಿಂದುಳಿದವರೇ ಆಗಿಬಿಡುತ್ತಾರೆ!

ಆದ್ದರಿಂದ ಕನ್ನಡಕ್ಕೆ ಕನ್ನಡದ್ದೇ ಅಳತೆಗೋಲು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೆ.ಎಸ್. ಪ್ರೇಮಾ ಅವರು 1990ರ ದಶಕದಲ್ಲೇ ಕನ್ನಡ ಓದಿನ ಕಲಿಕೆಯನ್ನು ಅಳೆಯುವ ಪರೀಕ್ಷೆಯೊಂದನ್ನು ರೂಪಿಸಿದರು. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನು ಕಲಿಕೆಯ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯೇ ಹೆಸರಿಸಿದೆ. ಇಂಥ ಕೆಲಸ ಇನ್ನಷ್ಟು ಆಗಬೇಕು. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮೊದಲ ವರ್ಷ ತಡವರಿಸುವ ಮಗುವಿಗೆ ಇರುವುದು ಡಿಸ್ಲೆಕ್ಸಿಯವೋ, ಮನೆಯಲ್ಲಿ ಕೇಳದ ಭಾಷೆಯಲ್ಲಿ ಓದಬೇಕಾದ ಕಷ್ಟವೋ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಹಾಕಬಹುದಾದ ಒಳ್ಳೆಯ ಸಂಶೋಧನಾ ವಿಷಯವಿದು.

ಒಪ್ಪದವರ ಮಾತು

ನರವೈವಿಧ್ಯದ ವಾದವನ್ನು ಎಲ್ಲರೂ ಒಪ್ಪುವುದಿಲ್ಲ. ಅದರಲ್ಲೂ ಮಾತೇ ಬಾರದ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ, ಮೂರ್ಛೆರೋಗವೂ ಇರುವ ಮಕ್ಕಳ ತಂದೆತಾಯಿಗಳು. ‘ನನ್ನ ಮಗಳಿಗೆ ಇಪ್ಪತ್ತೆರಡು ವರ್ಷ. ಸ್ನಾನ ನಾನೇ ಮಾಡಿಸಬೇಕು. ಇದು ವೈವಿಧ್ಯ ಅಂತ ನನಗೆ ಪಾಠ ಹೇಳ್ತೀರಾ ಮೇಡಂ?’ ಎಂದು ಒಬ್ಬ ತಾಯಿ ನನ್ನನ್ನೇ ಕೇಳಿದ್ದಾರೆ. ಅವರಿಗೆ ಕೊಡಲು ನನ್ನಲ್ಲಿ ಚುಟುಕಾದ ಉತ್ತರವಿರಲಿಲ್ಲ. 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವೊಂದು, ಹಗಲೂ ಇರುಳೂ ಒಬ್ಬರ ನೆರವು ಬೇಕಾದವರನ್ನು ಗುರುತಿಸಲು ‘ತೀವ್ರ ಆಟಿಸಂ’ ಎಂಬ ಅರ್ಥದ ಆಡಳಿತಾತ್ಮಕ ಪದವೊಂದು ಬೇಕೆಂದು ಸೂಚಿಸಿತು. ಅವರ ಅಗತ್ಯ ಮರೆಯಾಗಬಾರದು ಎಂಬುದು ಉದ್ದೇಶ. ಆ ಪದ ಮತ್ತೆ ಹಳೆಯ ವಿಂಗಡಣೆಯನ್ನೇ ತರುತ್ತದೆ ಎಂದು ಹಲವರು ವಿರೋಧಿಸಿದರು.

ನನ್ನ ಅಭಿಪ್ರಾಯ ಹೇಳುವುದಾದರೆ, ಭಿನ್ನತೆ ಮತ್ತು ಅಂಗವೈಕಲ್ಯ ಒಂದರ ಎದುರು ಒಂದು ನಿಲ್ಲಬೇಕಾದವಲ್ಲ. ಮೂರ್ಛೆಗೆ ಔಷಧಿ ಬೇಕು. ಮಾತು ಬಾರದ ಮಗುವಿಗೆ ಚಿತ್ರಗಳಿಂದಲೋ ಉಪಕರಣದಿಂದಲೋ ತನ್ನ ಬೇಕುಬೇಡಗಳನ್ನು ತಿಳಿಸುವ ದಾರಿ ಬೇಕು. ಅದಕ್ಕೆ ತರಬೇತಿ ಬೇಕು. ಆದರೆ ಖುಷಿಯಾದಾಗ ಕೈ ಬಡಿಯುವ ಹುಡುಗನ ಕೈಯನ್ನು ಹಿಡಿದು ನಿಲ್ಲಿಸಲು ದಿನಕ್ಕೆ ಎರಡು ಗಂಟೆ ತರಬೇತಿ ಏಕೆ? ಅದರಿಂದ ತೊಂದರೆಯಾಗುತ್ತಿರುವುದು ಅವನಿಗೋ, ನೋಡುವವರಿಗೋ? ಚಿಕಿತ್ಸೆಯ ಪ್ರತಿಯೊಂದು ಗುರಿಯ ಮುಂದೆಯೂ ಈ ಪ್ರಶ್ನೆ ಇಡಬಹುದು. ಉತ್ತರ ಪ್ರತಿ ಸಲವೂ ಒಂದೇ ಆಗಿರುವುದಿಲ್ಲ.

ಕಾನೂನಿನ ಭಾಷೆ ಇನ್ನೂ ಅಂಗವೈಕಲ್ಯದ್ದೇ. ಅದು ಇರಬೇಕಾದ್ದೂ ಹೌದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ 21 ಬಗೆಗಳನ್ನು ಪಟ್ಟಿಮಾಡುವಾಗ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ಸೇರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇಕಡಾ 40 ಅಥವಾ ಹೆಚ್ಚಿನ ನ್ಯೂನತೆ ದೃಢಪಟ್ಟವರಿಗೆ ಕನಿಷ್ಠ ಶೇಕಡಾ 5ರಷ್ಟು ಸ್ಥಾನ ಮೀಸಲು. ಆಟಿಸಂನ ಪ್ರಮಾಣವನ್ನು ನಿರ್ಧರಿಸಲು ನಮ್ಮಲ್ಲಿ 40 ಅಂಶಗಳ ಭಾರತೀಯ ಮಾಪಕವೊಂದು ಬಳಕೆಯಲ್ಲಿದೆ. ಒಂದೊಂದು ಅಂಶಕ್ಕೂ 1ರಿಂದ 5 ಅಂಕ. ಒಟ್ಟು 70ರ ಕೆಳಗೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಹೆಚ್ಚು ಅಂಕ ಬಂದಷ್ಟೂ ತೀವ್ರತೆ ಹೆಚ್ಚು. ನೆರವು ಪಡೆಯಲು ಮಗುವಿನ ‘ಇಲ್ಲ’ಗಳನ್ನು ಎಣಿಸಲೇಬೇಕು ಎಂದಾಯಿತು.

ತರಗತಿಯ ಬೆಂಚಿನ ಮೇಲೆ

ಇಷ್ಟು ಹೊತ್ತು ಮಕ್ಕಳ ಬಗ್ಗೆ ಹೇಳಿದೆ. ಈ ಪಾಠವನ್ನು ಕೇಳುತ್ತಾ ಕುಳಿತವರಲ್ಲೇ ನರಭಿನ್ನರು ಇರುತ್ತಾರೆ ಎಂಬುದು ನನಗೆ ತಡವಾಗಿ ಹೊಳೆಯಿತು. ಡಿಸ್ಲೆಕ್ಸಿಯದ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಹಿಂದೆ ಉಳಿದ. ಹಳ್ಳಿಯ ಶಾಲೆಯಲ್ಲಿ ಕಲಿತವನು. ಏಳನೆಯ ತರಗತಿಯವರೆಗೂ ಗಟ್ಟಿಯಾಗಿ ಓದಲು ಎಬ್ಬಿಸಿದಾಗಲೆಲ್ಲ ಪಕ್ಕದವನಿಂದ ಪಾಠ ಕೇಳಿ ಬಾಯಿಪಾಠ ಮಾಡಿಟ್ಟದ್ದನ್ನು ಪುಸ್ತಕ ನೋಡುತ್ತಾ ಒಪ್ಪಿಸುತ್ತಿದ್ದನಂತೆ. ಎಲ್ಲರೂ ‘ದಡ್ಡ’ ಎನ್ನುತ್ತಿದ್ದರು. ‘ಇಡೀ ಪಾಠ ಬಾಯಿಪಾಠ ಮಾಡೋನು ದಡ್ಡ ಹೇಗಾಗ್ತಾನೆ ಮೇಡಂ?’ ಎಂದ. ಮುಂದೆ ಅವನು ಪಾಠಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಅನುಮತಿ ಕೇಳಿದ, ಕೊಟ್ಟೆ. ಅವನ ಜೊತೆ ಇನ್ನೂ ನಾಲ್ವರು ಮುದ್ರಿಸಿಕೊಳ್ಳತೊಡಗಿದರು.

ಪ್ರಶ್ನೆಪತ್ರಿಕೆಯನ್ನೂ ಈಚೆಗೆ ಸ್ವಲ್ಪ ಬದಲಿಸಿಕೊಂಡಿದ್ದೇನೆ. ‘ಆಟಿಸಂನ ಲಕ್ಷಣಗಳನ್ನು ಪಟ್ಟಿಮಾಡಿ’ ಎಂಬ ಹತ್ತು ಅಂಕದ ಪ್ರಶ್ನೆ ಬಹಳ ವರ್ಷ ಇತ್ತು. ಈಗ ಅದರ ಬದಲು ಮಗುವೊಂದರ ಅರ್ಧ ಗಂಟೆಯ ವೀಕ್ಷಣೆಯ ಆಧಾರದ ಮೇಲೆ ಎರಡು ಟಿಪ್ಪಣಿ ಬರೆಯಬೇಕು. ಒಂದು, ಮಗುವನ್ನು ಪರೀಕ್ಷಿಸಲಿರುವ ವೈದ್ಯರಿಗೆ. ಇನ್ನೊಂದು, ನಾಳೆ ಬೆಳಿಗ್ಗೆ ಆ ಮಗುವನ್ನು ಬರಮಾಡಿಕೊಳ್ಳಬೇಕಾದ ಅಂಗನವಾಡಿ ಕಾರ್ಯಕರ್ತೆಗೆ. ತಲಾ ಐದು ಅಂಕ. ಮೊದಲನೆಯದನ್ನು ಹೆಚ್ಚಿನವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಎರಡನೆಯದಕ್ಕೆ ಸಮಯ ಸಾಲಲಿಲ್ಲ ಎಂದು ಪ್ರತಿ ವರ್ಷವೂ ದೂರು ಬರುತ್ತದೆ.